ಮೊದಲು ಇಸವಿ, ಆಮೇಲೆ ಉಪ್ಪುಕಾಗದ: ಇಂಟರ್‌ಅರ್ಬನ್ ಗಾಡಿಯನ್ನು ಮ್ಯೂಸಿಯಂಗೆ ಸಜ್ಜು ಮಾಡುವುದು

ಅಮೆರಿಕದಲ್ಲಿ ಊರಿಂದೂರಿಗೆ ಹಳಿ ಮೇಲೆ ಓಡುತ್ತಿದ್ದ ವಿದ್ಯುತ್ ಗಾಡಿಗಳಿಗೆ ಇಂಟರ್‌ಅರ್ಬನ್ ಎಂದು ಹೆಸರು. ಇವು ಹುಟ್ಟಿದ ರೂಪದಲ್ಲೇ ಕೊನೆವರೆಗೂ ಉಳಿದವಲ್ಲ. ಶಿಕಾಗೋ ಅರೋರಾ ಆ್ಯಂಡ್ ಎಲ್ಜಿನ್ ಮಾರ್ಗ ಶುರುವಾದದ್ದು 1902ರಲ್ಲಿ, ಪ್ರಯಾಣಿಕರ ಸೇವೆ ನಿಂತದ್ದು 1957ರ ಜುಲೈ 3ರಂದು. ಮೊದಲ ವರ್ಷದ ಮರದ ಗಾಡಿಗಳಲ್ಲಿ ಕೆಲವು ಕೊನೆಯ ದಿನಗಳವರೆಗೂ ದುಡಿದವು. ಅಷ್ಟರಲ್ಲಿ ಬಣ್ಣ, ಸೀಟು, ದೀಪ ಎಲ್ಲವೂ ಬದಲಾಗಿದ್ದವು. 1910ರ ಬಣ್ಣಕ್ಕೆ 1950ರ ಸೀಟು ಕೂಡಿಸಿದರೆ, ಯಾವ ದಿನವೂ ಹಳಿ ಮೇಲೆ ಇರದಿದ್ದ ಗಾಡಿಯೊಂದು ತಯಾರಾಗುತ್ತದೆ. ಹಾಗಾಗಿ ಒಂದು ಇಸವಿ ಗೊತ್ತುಮಾಡಿ, ಗೋಡೆಗೆ ಬರೆದು ಹಾಕಿ.

ಹಳೆಯದೇ ಸರಿ ಎಂಬ ನಿಯಮವೇನಿಲ್ಲ. ನಾರ್ತ್ ಶೋರ್ ಮಾರ್ಗದ 1941ರ ಎರಡು ಎಲೆಕ್ಟ್ರೋಲೈನರ್ ರೈಲುಗಳು 1963ರಲ್ಲಿ ಮಾರ್ಗ ಮುಚ್ಚಿದ ಮೇಲೆ ಫಿಲಡೆಲ್ಫಿಯಾಕ್ಕೆ ಹೋಗಿ, ಲಿಬರ್ಟಿ ಲೈನರ್ ಎಂಬ ಹೊಸ ಹೆಸರಿನಲ್ಲಿ ಓಡಿದವು. ಇಲಿನಾಯ್ ರೈಲ್ವೆ ಮ್ಯೂಸಿಯಂ ತನ್ನ ಪಾಲಿನದನ್ನು ಎಲೆಕ್ಟ್ರೋಲೈನರ್ ರೂಪಕ್ಕೆ ಮರಳಿಸಿತು. ಪೆನ್ಸಿಲ್ವೇನಿಯಾದ ರಾಕ್‌ಹಿಲ್ ಮ್ಯೂಸಿಯಂ ಇನ್ನೊಂದನ್ನು ಲಿಬರ್ಟಿ ಲೈನರ್ ಆಗಿಯೇ ಉಳಿಸಿಕೊಂಡಿತು. ಎರಡೂ ಸರಿ. ಕಷ್ಟ ಬರುವುದು ಕಿಟಕಿಗಳಲ್ಲಿ. ಹಳೆಯ ಮರದ ಗಾಡಿಗಳ ಕಿಟಕಿಯ ಮೇಲ್ಭಾಗದಲ್ಲಿ ಬಣ್ಣದ ಗಾಜಿನ ಕಮಾನು ಇರುತ್ತಿತ್ತು. ಎಷ್ಟೋ ಗಾಡಿಗಳಲ್ಲಿ ಮುಂದೆ ಅದರ ಮೇಲೆ ತಗಡು ಬಡಿದರು. ನೀವು ಆರಿಸಿದ್ದು ತಗಡು ಬಡಿದ ಮೇಲಿನ ವರ್ಷವಾದರೆ, ಗಾಜು ಎಷ್ಟೇ ಚೆಂದವಿದ್ದರೂ ತಗಡಿನ ಹಿಂದೆಯೇ ಇರಲಿ.

ಬಣ್ಣದ ಸಾಕ್ಷಿ ಗಾಡಿಯ ಮೈಮೇಲೆಯೇ ಇದೆ. ಬಿಸಿಲು ಮಳೆ ತಾಗದ ಜಾಗ ಹುಡುಕಿ: ಹಿಡಿಕೆಯ ತಟ್ಟೆಯ ಕೆಳಗೆ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ. ಅಲ್ಲಿ ರೂಪಾಯಿ ನಾಣ್ಯದಷ್ಟು ಅಗಲಕ್ಕೆ 220 ನಂಬರಿನ ಉಪ್ಪುಕಾಗದದಿಂದ ನಡುವನ್ನು ಮರದವರೆಗೆ ಇಳಿಸಿ, ಅಂಚಿನ ಕಡೆಗೆ ಸವೆತ ಕಡಿಮೆ ಮಾಡುತ್ತಾ ಬನ್ನಿ. ಆಮೇಲೆ 400, 600ರಲ್ಲಿ ನಯಗೊಳಿಸಿ. ಮರದ ಸುತ್ತ ಬಳೆ ಬಳೆಯಾಗಿ ಪದರಗಳು ಕಾಣುತ್ತವೆ. ಪ್ರೈಮರ್, ಬಣ್ಣ, ವಾರ್ನಿಷ್ ಮೂರೂ ಸೇರಿ ಒಂದು ಸರದಿ. ಎರಡು ಸರದಿಗಳ ನಡುವೆ ಸಣ್ಣ ಕೊಳೆಯ ಗೆರೆ ಇರುತ್ತದೆ. ಎಲ್ಲರೂ ಎಡವುವುದು ವಾರ್ನಿಷ್‌ನಲ್ಲಿ. ಅದು ಹಳದಿಗಟ್ಟಿ ಹಸಿರನ್ನು ಆಲಿವ್‌ನಂತೆ ತೋರಿಸುತ್ತದೆ. ಅದನ್ನು ತೆಗೆದ ಮೇಲೆಯೇ, ಹಗಲು ಬೆಳಕಿನಲ್ಲಿ, ಮನ್ಸೆಲ್ ಬಣ್ಣದ ಚೀಟಿಗಳ (ಪ್ರತಿ ಬಣ್ಣಕ್ಕೂ ಗುರುತುಸಂಖ್ಯೆ ಇರುವ ಮಾದರಿಗಳ) ಜೊತೆ ಹೋಲಿಸಿ. ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇದೆ ಎಂದುಕೊಳ್ಳಿ: ಒಣಗಿದ್ದನ್ನು ಉಜ್ಜಬೇಡಿ, ಬೆಂಕಿ ಹಿಡಿಯಬೇಡಿ, ನೀರು ಹಚ್ಚಿ ಉಜ್ಜಿ, ಸೀಸದ ಧೂಳಿಗೆ ತಕ್ಕ ಮಾಸ್ಕ್ ಹಾಕಿ.

ಕಪ್ಪು ಬಿಳುಪು ಫೋಟೋ ನೋಡಿ ಬಣ್ಣ ಊಹಿಸುವುದು ಅಪಾಯ. ಆಗಿನ ಆರ್ಥೊಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಕಿತ್ತಳೆಗಳು ಕಪ್ಪಾಗಿ, ನೀಲಿ ಬಿಳಿಚಿಕೊಂಡು ಬರುತ್ತವೆ. ಫೋಟೋದಿಂದ ಅಕ್ಷರದ ಅಳತೆ, ಗೆರೆಯ ಜಾಗ, ಹೆಡ್‌ಲೈಟಿನ ಆಕಾರ ಮಾತ್ರ ತೆಗೆದುಕೊಳ್ಳಿ.

ಮರದ ಗಾಡಿಯ ಮಾಡು ಹಲಗೆ, ಅದರ ಮೇಲೆ ಹತ್ತಿಯ ಕ್ಯಾನ್ವಾಸು. ರಬ್ಬರ್ ಶೀಟ್ ಹಾಕಿದರೆ ನೀರು ನಿಲ್ಲಬಹುದು, ನೋಟ ಕೆಡುತ್ತದೆ. ಹಲಗೆ ಚೆನ್ನಾಗಿ ಒಣಗಿರಬೇಕು. ತೇವವಿದ್ದರೆ ಬಿಸಿಲಿಗೆ ಕ್ಯಾನ್ವಾಸ್ ಗುಳ್ಳೆಯೇಳುತ್ತದೆ. ಮೊಳೆಯ ತಲೆಗಳನ್ನು ಒಳಕ್ಕೆ ಬಡಿದು ಲಪ್ಪ (ಪುಟ್ಟಿ) ತುಂಬಿ, ಅಗಸೆ ಎಣ್ಣೆಯ ದಪ್ಪ ಬಣ್ಣ ಬಳಿಯಿರಿ. ಅದು ಹಸಿಯಿದ್ದಾಗಲೇ 8ನೇ ನಂಬರಿನ ಕ್ಯಾನ್ವಾಸ್ ಹಾಸಿ, ಮೊದಲು ಉದ್ದಕ್ಕೆ, ಆಮೇಲೆ ನಡುವಿನಿಂದ ಅಂಚುಗಳ ಕಡೆಗೆ ಎಳೆದು ಬಿಗಿಮಾಡಿ. ಅಂಚಿಗೆ ತಾಮ್ರದ ಸಣ್ಣ ಮೊಳೆಗಳನ್ನು ಒತ್ತೊತ್ತಾಗಿ ಹೊಡೆಯಿರಿ. ಕಬ್ಬಿಣದವು ತುಕ್ಕು ಹಿಡಿದು ಬಟ್ಟೆಯನ್ನು ತಿನ್ನುತ್ತವೆ. ಮೇಲಿನ ಮೊದಲ ಲೇಪ ತೆಳ್ಳಗಿರಲಿ, ನೂಲಿನೊಳಗೆ ಇಳಿಯಬೇಕು. ಅವಸರಕ್ಕೆ ಒಂದೇ ಸಲ ದಪ್ಪ ಬಳಿದರೆ, ಮಾಡು ಬಾಗುವ ಕಡೆ ಮೊದಲು ಬಿರುಕು ಬಿಡುತ್ತದೆ.

ಸ್ಕ್ರೂಗಳ ವಿಷಯದಲ್ಲಿ ಕಣ್ಣು ಚುರುಕಾಗಿರಲಿ. ಕೂಡುಗುರುತಿನ ಫಿಲಿಪ್ಸ್ ತಲೆ ಮಾರುಕಟ್ಟೆಗೆ ಬಂದದ್ದು 1930ರ ದಶಕದ ನಡುವೆ. 1920ರ ಗಾಡಿಯಲ್ಲಿ ಅಂಥದ್ದೊಂದು ಕಂಡರೆ ಬಲ್ಲವನು ಅಲ್ಲೇ ನಗುತ್ತಾನೆ. ಸೀಳುತಲೆಯ ಸ್ಕ್ರೂ, ಚೌಕದ ನಟ್ಟು ಹುಡುಕಿ ತನ್ನಿ.

ಒಳಗಿನ ದೀಪಗಳು ಸಾಮಾನ್ಯವಾಗಿ ಐದೈದು ಸರಣಿಯಲ್ಲಿದ್ದು, ಲೈನಿನ 600 ವೋಲ್ಟನ್ನು ತಲಾ 120ರಂತೆ ಹಂಚಿಕೊಳ್ಳುತ್ತಿದ್ದವು. ಒಂದು ಸುಟ್ಟರೆ ಐದೂ ಕತ್ತಲು. ಅಲ್ಲಿ ಮನೆಯ ಎಲ್‌ಇಡಿ ಬಲ್ಬು ಹಾಕಬೇಡಿ. ಅವುಗಳೊಳಗೆ ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್ ಸರ್ಕ್ಯೂಟ್‌ಗಳು ವೋಲ್ಟೇಜನ್ನು ಸಮನಾಗಿ ಹಂಚಿಕೊಳ್ಳದೆ ಮಿನುಗಿ ಸುಡುತ್ತವೆ. ನಿಂತಲ್ಲೇ ನಿಲ್ಲುವ ಗಾಡಿಯಾದರೆ ಹಳೆಯ ವೈರಿಂಗ್ ಮುಟ್ಟದೆ ಬೇರೆ ತಂತಿ ಎಳೆಯಿರಿ. ಆರ್ಕ್ ಷೂಟ್‌ನಂಥ (ಸ್ವಿಚ್ಚಿನ ಕಿಡಿಯನ್ನು ಆರಿಸುವ ಗೂಡು) ಭಾಗಗಳಲ್ಲಿ ಶ್ವಾಸಕೋಶಕ್ಕೆ ಹಾನಿಮಾಡುವ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಕೊರೆಯಬೇಡಿ.

ಹೊಸದಾಗಿ ಮಾಡಿದ ಪ್ರತಿ ತುಂಡಿನ ಕಾಣದ ಮುಖಕ್ಕೆ ಇಸವಿಯ ಅಚ್ಚು ಒತ್ತಿ. ಕಳಚಿದ ಹಳೆಯ ತುಂಡನ್ನು ಎಸೆಯದೆ, ಎಲ್ಲಿಂದ ತೆಗೆದದ್ದು ಎಂದು ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ; ಚೀಟಿಯನ್ನು ಪೆನ್ನಿನಲ್ಲಿ ಬರೆಯಬೇಡಿ, ಶೆಡ್ಡಿನ ತೇವಕ್ಕೆ ಶಾಯಿ ಹರಡುತ್ತದೆ, ಪೆನ್ಸಿಲ್ ಉಳಿಯುತ್ತದೆ.