ಮನೆ ಕೆದರಿದ ದಿನ ಒಲೆ ಹಚ್ಚಬೇಡಿ

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತೆಂದರೆ ಕಲಬುರಗಿಯ ಮಾಳಿಗೆಗಳ ಮೇಲೆ ಕೌದಿಗಳು ಏರತೊಡಗುತ್ತವೆ. ಅಮಾವಾಸ್ಯೆಯ ಮರುದಿನ ನವರಾತ್ರಿಯ ಘಟ್ಟ ಹಾಕಬೇಕು, ಅಷ್ಟರೊಳಗೆ ಹಾಸಿಗೆ ಹೊದಿಕೆ ಒಗೆದಿರಬೇಕು, ಡಬ್ಬಿ ಡಬರಿ ಬೆಳಗಿರಬೇಕು ಎಂಬುದು ನಮ್ಮ ಕಡೆಯ ಕಟ್ಟಳೆ. ಮನೆ ತುಂಬ ಹೆಣ್ಣುಮಕ್ಕಳಿದ್ದ ಕಾಲದಲ್ಲಿ ಇದು ಪಕ್ಷಮಾಸದುದ್ದಕ್ಕೂ ನಿಧಾನವಾಗಿ ನಡೆಯುತ್ತಿತ್ತು. ಈಗ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಸಿಗುವುದು ಶನಿವಾರ ಭಾನುವಾರ, ಅದರಲ್ಲೂ ಎಷ್ಟೋ ಶನಿವಾರಗಳನ್ನು ಕಚೇರಿಯೇ ನುಂಗುತ್ತದೆ. ಹಾಗಾಗಿ ನಮ್ಮ ಓಣಿಯ ಹೊಸ ಸಂಸಾರಗಳು ಒಂದೇ ಭಾನುವಾರ ಕೌದಿ ಒಗೆದು, ನೀರಿನ ಟಾಕಿ ತೊಳೆದು, ಮಧ್ಯಾಹ್ನಕ್ಕೆ ಹೋಳಿಗೆ ಊಟವನ್ನೂ ಮಾಡಲು ಹೊರಡುತ್ತವೆ. ಸಂಜೆಯ ಹೊತ್ತಿಗೆ ಕೌದಿ ಅರ್ಧ ಒದ್ದೆ, ಹೋಳಿಗೆ ಅರ್ಧ ಸೀದದ್ದು, ಮಾತು ಮಾತ್ರ ಪೂರ್ತಿ ಬಿರುಸು.

ನಾನು ಹೇಳುವುದಿಷ್ಟೇ: ಮನೆ ಕೆದರುವ ದಿನ ಬೇರೆ, ಅಡುಗೆಯ ದಿನ ಬೇರೆ. ಕೆದರಿದ ದಿನ ಒಲೆಯ ತಂಟೆಗೆ ಹೋಗದೆ ಎಲ್ಲರೂ ಖಾನಾವಳಿಯಲ್ಲಿ ಉಂಡು ಬನ್ನಿ. ಇದನ್ನು ಸೋಮಾರಿತನ ಎನ್ನುವ ಹಿರಿಯರಿದ್ದಾರೆ. ನಾನೂ ಹಿರಿಯಳೇ, ನಾನು ಹಾಗೆನ್ನುವುದಿಲ್ಲ.

ಇನ್ನು ಯಾವ ವಾರ ಯಾವ ಕೆಲಸ ಎಂಬುದನ್ನು ಕ್ಯಾಲೆಂಡರಿಗಿಂತ ಮಳೆಯನ್ನು ಕೇಳಿ ಗೊತ್ತು ಮಾಡಿಕೊಳ್ಳಬೇಕು. ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆ, ಅಕ್ಟೋಬರ್ 10ರ ಆಸುಪಾಸಿಗೆ ಚಿತ್ತಿ. ಮುಂಗಾರು ನಮ್ಮ ಭಾಗದಿಂದ ಕಾಲು ತೆಗೆಯುವುದು ಸಾಮಾನ್ಯವಾಗಿ ಅಕ್ಟೋಬರ್ ನಡುವಿಗೆ. ನವರಾತ್ರಿ ಸೆಪ್ಟೆಂಬರಿನಲ್ಲೇ ಬಂದ ವರ್ಷ ಎಲ್ಲ ಕೌದಿಗಳನ್ನೂ ಒಮ್ಮೆಗೇ ನೆನೆಹಾಕುವುದು ಅವಿವೇಕ. ದೇವರ ಮನೆಗೆ, ಹಾಸಿಗೆಗೆ ಬೇಕಾದಷ್ಟನ್ನು ಒಗೆದು, ಉಳಿದದ್ದನ್ನು ಬನ್ನಿ ಕೊಟ್ಟಾದ ಮೇಲೆ ಇಟ್ಟುಕೊಂಡರೆ ಯಾವ ದೇವರೂ ಮುನಿಯುವುದಿಲ್ಲ. ಬಿಸಿಲು ಬೇಡುವ ಕೆಲಸ ಮೊದಲು, ನೀರು ಬೇಡುವ ಕೆಲಸ ನಲ್ಲಿ ಬರುವ ದಿನ, ಕೈ ಮಾತ್ರ ಬೇಡುವ ಕೆಲಸ ಮೋಡ ಕವಿದ ದಿನ.

ಕೌದಿಯೆಂದರೆ ಹಳೆಯ ಸೀರೆಗಳ ಮೇಲೆ ಸೀರೆ ಇಟ್ಟು ಹೊಲಿದದ್ದು. ನೀರು ಕುಡಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ, ಬಟ್ಟೆ ಒಗೆಯುವ ಯಂತ್ರಕ್ಕೆ ತುರುಕಿದರೆ ಯಂತ್ರವೂ ಹಾಳು, ಹೊಲಿಗೆಯೂ ಹಾಳು. ದೊಡ್ಡ ಟಬ್ಬಿನಲ್ಲಿ ರಾತ್ರಿ ನೆನೆಹಾಕಿ ಬೆಳಗ್ಗೆ ತುಳಿಯುವುದೇ ಸರಿ, ಮೊಮ್ಮಕ್ಕಳಿದ್ದರೆ ಆ ಕೆಲಸಕ್ಕೆ ಕರೆಯಲೇ ಬೇಕಾಗುವುದಿಲ್ಲ, ತಾವೇ ಇಳಿಯುತ್ತಾರೆ. ಹಿಂಡಲು ಹೋಗಬೇಡಿ. ಮಾಳಿಗೆಯ ಗೋಡೆಯ ಮೇಲೆ ಇಳಿಬಿಟ್ಟು ನೀರು ತಾನೇ ಸೋರಲಿ. ಆಮೇಲೆ ಒಂದೇ ಹಗ್ಗದ ಮೇಲೆ ಮಡಚಿ ಹಾಕದೆ, ಮೊಳ ಅಂತರದ ಎರಡು ಹಗ್ಗಗಳ ಮೇಲೆ ಹರವಿದರೆ ಒಳಪದರಕ್ಕೂ ಗಾಳಿ ಆಡುತ್ತದೆ. ಬಣ್ಣದ ಮೈ ಒಳಗಿರಲಿ. ಮಧ್ಯಾಹ್ನ ಒಮ್ಮೆ ತಿರುವಿ, ಹೊತ್ತು ಇಳಿಯುವ ಮೊದಲು ಕೆಳಗೆ ತರಬೇಕು, ಆಶ್ವಯುಜದ ಸಂಜೆಯ ತಂಪು ಒಣಗಿದ ಬಟ್ಟೆಯನ್ನೂ ಮತ್ತೆ ಮೆತ್ತಗೆ ಮಾಡುತ್ತದೆ.

ಅದೇ ಬಿಸಿಲಿನಲ್ಲಿ ಜೋಳವನ್ನೂ ಮುಗಿಸಿಕೊಳ್ಳಿ. ಬೇಸಿಗೆಯ ಮುಂಚೆ ಕೊಂಡಿಟ್ಟ ಚೀಲ ಮಳೆಗಾಲದ ಕೊನೆಗೆ ನುಸಿ ಹಿಡಿಯುವುದು ಸಹಜ. ತಾಡಪತ್ರಿಯ ಮೇಲೆ ಬೆರಳಿನ ದಪ್ಪಕ್ಕೆ ಹರವಿ, ನಡುನಡುವೆ ಕೈಯಾಡಿಸಿ. ಒಂದು ಕಾಳು ಹಲ್ಲಿನ ನಡುವೆ ಕಟ್ಟೆಂದು ಒಡೆದರೆ ಒಣಗಿದೆ ಎಂದು ಲೆಕ್ಕ, ಮೆದುವಾಗಿ ಚಪ್ಪಟೆಯಾದರೆ ಇನ್ನೂ ಬೇಕು. ಬಹಳ ಜನ ತಪ್ಪುವುದು ಇದಾದ ಮೇಲೆ. ಬಿಸಿಲಿನಿಂದ ಎತ್ತಿದ ಬಿಸಿ ಕಾಳನ್ನು ಹಾಗೆಯೇ ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿದರೆ ಒಳಗೆ ಬೆವರಿ ಬೂಸಲು ಬರುತ್ತದೆ. ರಾತ್ರಿಯಿಡೀ ಒಳಮನೆಯಲ್ಲಿ ಆರಲು ಬಿಟ್ಟು ಬೆಳಗ್ಗೆ ತುಂಬಿ. ಬೇವಿನ ಎಲೆ ಹಾಕುವವರು ನೆರಳಿನಲ್ಲಿ ಒಣಗಿಸಿ ಹಾಕಲಿ. ಹಸಿ ಎಲೆ ಹಾಕಿದರೆ ಇಷ್ಟು ಹೊತ್ತು ಓಡಿಸಿದ ತೇವವನ್ನು ನಾವೇ ಮತ್ತೆ ಕರೆದಂತಾಯಿತು.

ಕೂಲರಿನ ಕಡೆ ಈಗ ಯಾರೂ ನೋಡುವುದಿಲ್ಲ. ಮೇ ತಿಂಗಳಿನಲ್ಲಿ ಪಾರದ ಪಟ್ಟಿ ನಲವತ್ತು ಡಿಗ್ರಿ ದಾಟಿದಾಗ ಅದಕ್ಕೆ ಮನೆಯ ಹಿರಿಯನ ಮರ್ಯಾದೆ, ಅಕ್ಟೋಬರಿಗೆ ಅದು ಹಳೆಯ ಪತ್ರಿಕೆ ಇಡುವ ಕಟ್ಟೆ. ಆದರೆ ಅದರ ತಳದಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ನೀರು ಚೆಲ್ಲಿದರೆ ಮುಗಿಯಿತೆಂದುಕೊಳ್ಳಬೇಡಿ. ಆ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಆದ್ದರಿಂದ ಒಳಗೋಡೆಯನ್ನು ಬ್ರಷ್ ಹಾಕಿ ತಿಕ್ಕಲೇಬೇಕು. ಹುಲ್ಲು ತೆಗೆದು ಒಣಗಿಸಿ, ಪಂಪು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು, ಕೂಲರಿಗೆ ಹಳೆಯ ಚಾದರ ಹೊದಿಸಿಬಿಡಿ. ದಿನ ಬಿಟ್ಟು ದಿನ ನೀರು ಬರುವ ಓಣಿಗಳಲ್ಲಿ ಬ್ಯಾರಲ್, ಕೊಡ, ಟಾಕಿ ಎಲ್ಲಕ್ಕೂ ಇದೇ ಮಾತು: ವಾರಕ್ಕೊಮ್ಮೆ ಬರಿದು ಮಾಡಿ, ತಿಕ್ಕಿ, ಒಣಗಿಸಿ ತುಂಬಿಕೊಳ್ಳಬೇಕು.

ಪಂಪಿಗೂ ನಲ್ಲಿಯ ಬಾಯಿಗೂ ಬೋರಿನ ಗಡಸು ನೀರು ಬಿಳಿ ಪೊರೆ ಕಟ್ಟಿರುತ್ತದೆ. ನಿಂಬೆಹಣ್ಣಿನ ಸಿಪ್ಪೆಯಿಂದ ಉಜ್ಜಿ ಸ್ವಲ್ಪ ಹೊತ್ತು ಬಿಟ್ಟರೆ ಕರಗಿ ಬರುತ್ತದೆ, ಏಕೆಂದರೆ ಅದು ಸುಣ್ಣ, ಹುಳಿಗೆ ಸೋಲುತ್ತದೆ. ಈ ಜಾಣತನವನ್ನು ನೆಲದ ಮೇಲೆ ತೋರಿಸಬೇಡಿ! ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಕೂಡ ಸುಣ್ಣದ ಕಲ್ಲೇ. ನಿಂಬೆ, ವಿನೆಗರ್, ಶೌಚಾಲಯ ತೊಳೆಯುವ ಆಸಿಡ್ ಯಾವುದು ಬಿದ್ದರೂ ಬುರುಬುರು ನೊರೆ ಎದ್ದು ಮೈಯ ನುಣುಪು ಹೋಗಿ ಬೆಳ್ಳಗಿನ ಕಲೆ ಉಳಿಯುತ್ತದೆ. ಅದು ಕೊಳೆಯಲ್ಲ, ಕಲ್ಲೇ ತಿಂದುಹೋದದ್ದು. ಎಷ್ಟು ಒರೆಸಿದರೂ ಹೋಗುವುದಿಲ್ಲ. ಹೊಸ ಬಾಡಿಗೆದಾರರು ಹಬ್ಬದ ಉತ್ಸಾಹದಲ್ಲಿ ಆಸಿಡ್ ಸುರಿದು ಮಾಲೀಕರೊಡನೆ ಜಗಳಕ್ಕೆ ನಿಲ್ಲುವುದು ಪ್ರತಿವರ್ಷದ ಕಥೆ. ಬಿಸಿನೀರು, ಚಿಟಿಕೆ ಸಾಬೂನಿನ ಪುಡಿ, ತೆಂಗಿನ ನಾರು ಇಷ್ಟು ಸಾಕು. ಎಣ್ಣೆ ಬಿದ್ದ ಕಡೆ ಮೊದಲು ಒಣ ಹಿಟ್ಟು ಉದುರಿಸಿ ಹೀರಿಸಿಕೊಂಡು ಆಮೇಲೆ ಒರೆಸಿ.

ಇಷ್ಟೆಲ್ಲ ಮಾಡುವ ಹೊತ್ತಿಗೆ ಹನ್ನೆರಡೂವರೆ. ಕೈಕಾಲು ತೊಳೆದು ಹೊರಡಿ. ಭಾನುವಾರದ ಖಾನಾವಳಿಗೆ ಒಂದು ಗಂಟೆಯ ಒಳಗೆ ಹೋಗಬೇಕು, ಎರಡರ ಮೇಲೆ ಹೋದವರಿಗೆ ಕಾಯಿಪಲ್ಯ ತಳದ್ದು, ಮೊಸರು ಹುಳಿಯದು. ಒಳ್ಳೆಯ ಖಾನಾವಳಿಯನ್ನು ಬೋರ್ಡು ನೋಡಿ ಗುರುತಿಸಲಾಗದು, ಕಿವಿಯಿಂದ ಗುರುತಿಸಬೇಕು: ಬಾಗಿಲಲ್ಲಿ ನಿಂತಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿದರೆ ಕುಳಿತುಕೊಳ್ಳಿ, ಪೆಟ್ಟಿಗೆಯಿಂದ ತೆಗೆದು ಹಾಕುತ್ತಿದ್ದರೆ ಮುಂದಿನದಕ್ಕೆ ನಡೆಯಿರಿ. ಒಂದು ಕಾಳಿನ ಪಲ್ಯ, ಒಂದು ಸೊಪ್ಪಿನದು, ಹಿಂಡಿ ಎಂಬ ಚಟ್ನಿಪುಡಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಣಸಿನಕಾಯಿ ಇಷ್ಟಿದ್ದರೆ ಊಟ. ಸೊಸೆ ತಾನು ಮಾಡದ ರೊಟ್ಟಿಯನ್ನು ಕುಳಿತು ಬಿಸಿಬಿಸಿಯಾಗಿ ತಿನ್ನುವುದು ವರ್ಷದಲ್ಲಿ ಎಷ್ಟು ಸಲ, ಲೆಕ್ಕ ಹಾಕಿ ನೋಡಿ. ನಮ್ಮ ಮನೆಯ ಹುಡುಗರಿಗೆ ತಹರಿ ಎಂಬ ಮಸಾಲೆ ಅನ್ನದ ಚಪಲ, ಅವರು ಆ ಕಡೆ ಹೋಗುತ್ತಾರೆ, ಹೋಗಲಿ. ಸಂಜೆಗೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ ಬೇಕೆಂದರೆ ಬಂಡಿಯ ಬಾಣಲೆಯನ್ನು ಒಮ್ಮೆ ಇಣುಕಿ, ಎಣ್ಣೆ ಕಪ್ಪಗಾಗಿ ಹೊಗೆಯಾಡುತ್ತಿದ್ದರೆ ಸುಸಲಾ ಮಾತ್ರ ತಿಂದು ಬನ್ನಿ. ಮನೆಯಲ್ಲಿ ಉಳಿದವರಿಗೆ ಕಟ್ಟಿಸಿಕೊಂಡು ಬರುವವರು ಸ್ಟೀಲ್ ಡಬ್ಬಿ ಒಯ್ಯಿರಿ, ಕುದಿಯುವ ಸಾರನ್ನು ತೆಳ್ಳಗಿನ ಪ್ಲಾಸ್ಟಿಕ್ ಚೀಲದಲ್ಲಿ ತರುವುದನ್ನು ನಾನು ಒಪ್ಪುವುದಿಲ್ಲ.

ಅಡುಗೆಯ ಭಾನುವಾರ ಮುಂದಿನ ವಾರಕ್ಕಿರಲಿ, ಅದನ್ನು ಆ ದಿನದ ಊಟಕ್ಕಷ್ಟೇ ಖರ್ಚು ಮಾಡದೆ ಇಡೀ ವಾರಕ್ಕೆ ದುಡಿಸಿಕೊಳ್ಳಿ. ಬೆಳಗ್ಗೆ ಕಣ್ಣಿ ಮಾರ್ಕೆಟ್ಟಿಗೆ ಹೋಗಿ ಪುಂಡಿ ಸೊಪ್ಪು ತನ್ನಿ. ಎಲೆ ಬಿಡಿಸಿ, ಒಂದು ಕುದಿ ಬೇಯಿಸಿ, ಹುಳಿ ಹೆಚ್ಚೆನಿಸಿದರೆ ಆ ನೀರು ಬಸಿದುಬಿಡಿ. ತೊಗರಿ ಬೇಳೆ, ಹಿಡಿ ಜೋಳದ ನುಚ್ಚು ಎರಡನ್ನೂ ಬೇರೆಯೇ ಬೇಯಿಸಿಕೊಂಡಿರಬೇಕು. ಸೊಪ್ಪಿನ ಜೊತೆ ಮೊದಲೇ ಹಾಕಿದರೆ ಹುಳಿಗೆ ಬೇಳೆ ಗಟ್ಟಿಯಾಗಿ ನಿಂತುಬಿಡುತ್ತದೆ, ಕುಕ್ಕರ್ ಎಷ್ಟು ಕೂಗಿದರೂ ಮಿದುವಾಗುವುದಿಲ್ಲ. ಬೋರ್ ನೀರೂ ಬೇಳೆಗೆ ಅದೇ ಕಾಟ ಕೊಡುತ್ತದೆ, ಕುಡಿಯುವ ನೀರಿನಲ್ಲೇ ಬೇಯಿಸಿ. ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತೆಂದು ಹೆಮ್ಮೆ ಪಡುತ್ತೇವೆ, ಸರಿ. ಆದರೆ ಈ ದಿನಗಳಲ್ಲಿ ಹೊಲದ ತೊಗರಿ ಇನ್ನೂ ಹೂವು, ಎಳೆಗಾಯಿ. ಡಬ್ಬದಲ್ಲಿರುವುದು ಕಳೆದ ವರ್ಷದ್ದು. ಅರ್ಧ ಗಂಟೆ ನೆನೆಸಿದರೆ ಗ್ಯಾಸೂ ಉಳಿಯುತ್ತದೆ. ಎಲ್ಲ ಬೆಂದ ಮೇಲೆ ಹಸಿಮೆಣಸಿನಕಾಯಿ ಹಾಕಿ ಮಸೆದು, ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು ಒಗ್ಗರಣೆ ಕೊಡಿ. ಅಲ್ಯುಮಿನಿಯಂ ಪಾತ್ರೆ ಬೇಡ, ಪುಂಡಿಯ ಹುಳಿ ಅದನ್ನು ತಿನ್ನುತ್ತದೆ. ಮಾಡಿದ ದಿನಕ್ಕಿಂತ ಮರುದಿನ ಇದಕ್ಕೆ ರುಚಿ ಹೆಚ್ಚು, ಸೋಮವಾರದ ಡಬ್ಬಿಯ ಚಿಂತೆ ತಪ್ಪಿತು.

ಖಡಕ್ ರೊಟ್ಟಿಯನ್ನೂ ಅಂದೇ ಮಾಡಿಟ್ಟುಕೊಳ್ಳಿ. ಜೋಳಕ್ಕೆ ಗೋಧಿಯ ಹಾಗೆ ತನ್ನದೇ ಜಿಗುಟು ಇಲ್ಲ, ಕುದಿಯುವ ಎಸರು ಬಿದ್ದಾಗಲೇ ಹಿಟ್ಟು ಒಂದಾಗುವುದು. ಬೆಚ್ಚಗಿನ ನೀರಿನಲ್ಲಿ ಕಲಸಿ ಅಂಚು ಬಿರಿಯಿತೆಂದು ಹಿಟ್ಟನ್ನು ಬೈಯಬೇಡಿ. ಬೀಸಿಸಿ ತಿಂಗಳಾದ ಹಿಟ್ಟಾದರೆ ಬೈಯಬಹುದು, ಅದು ನಿಜಕ್ಕೂ ಬಿರಿಯುತ್ತದೆ. ಒಂದೊಂದೇ ಉಂಡೆಯನ್ನು ಬಡಿಯುವ ಮುಂಚೆ ಅಂಗೈಯ ಬುಡದಿಂದ ಮತ್ತೆ ನಾದಬೇಕು. ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರಿನ ಹೊಳಪು ಆರುತ್ತಿರುವಾಗಲೇ ತಿರುವಿ ಹಾಕಿ. ಪೂರ್ತಿ ಒಣಗಲು ಬಿಟ್ಟರೆ ಬಿರುಕು, ಅವಸರ ಮಾಡಿದರೆ ಹಂಚಿಗೆ ಅಂಟು. ಬೆಂದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಗರಿಗರಿ ಮಾಡಿ, ಒಂದರ ಮೇಲೊಂದು ಪೇರಿಸದೆ ಬುಟ್ಟಿಯ ಅಂಚಿಗೆ ನಿಲ್ಲಿಸಿ ಆರಿಸಿ. ಆಮೇಲೆ ಕಟ್ಟಿಟ್ಟರೆ ವಾರಗಳವರೆಗೂ ಕೆಡುವುದಿಲ್ಲ.

ಹಿಂಡಿಗೆ ಹೊಸ ಶೇಂಗಾ ಈಗ ಸಂತೆಗೆ ಬರುತ್ತಿರುತ್ತದೆ. ಅಗ್ಗವೆಂದು ಮಳೆಗೆ ಸಿಕ್ಕಿದ ಮಾಲು ತರಬೇಡಿ. ಸುಕ್ಕಿದ, ಕಪ್ಪಾದ, ಬೂಸಲು ವಾಸನೆಯ ಬೀಜವನ್ನು ಆರಿಸಿ ಎಸೆಯಿರಿ, ಆ ಬೂಸಲಿನ ವಿಷ ಹುರಿದರೂ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಖಾರದ ಪುಡಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿ. ಮಿಕ್ಸಿಯೇ ಗತಿಯಾದರೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಗುರೆಳ್ಳು, ಅಗಸಿ ಹಿಂಡಿಗೂ ಇದೇ ಕ್ರಮ, ಆದರೆ ಅಗಸಿಯನ್ನು ಸ್ವಲ್ಪವೇ ಮಾಡಿ, ಅದು ಬೇಗ ಮುಗ್ಗುತ್ತದೆ.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಖಾಲಿ ಉಳಿದರೆ ಸಜ್ಜೆ ತಂದು, ಒಣಗಿಸಿ, ಕಲ್ಲು ಆರಿಸಿಡಿ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರು ಕಡೆಯ ವಾರ ಸಂತೆಯಲ್ಲಿ ಅಲೆಯುವುದು ತಪ್ಪುತ್ತದೆ. ಕಾಳಾಗಿ ಎಷ್ಟು ದಿನವಿದ್ದರೂ ಚಿಂತೆಯಿಲ್ಲ, ಗಿರಣಿಗೆ ಮಾತ್ರ ಹಬ್ಬದ ಎರಡು ದಿನ ಮುಂಚೆ ಕಳುಹಿಸಿ. ಸಜ್ಜೆಯ ಹಿಟ್ಟು ವಾರ ಕಳೆಯುವುದರೊಳಗೆ ಕಹಿಯಾಗುತ್ತದೆ.