ಸ್ಟೆಂಟೋ, ಬೈಪಾಸೋ? ಹೋಲಿಸುವುದು ಹೇಗೆ

ಹೃದಯದ ರಕ್ತನಾಳಗಳಲ್ಲಿ ಬ್ಲಾಕ್ ಇದೆಯೇ ಎಂದು ನೋಡುವ ಆಂಜಿಯೋಗ್ರಾಮ್ ಮುಗಿದ ಕೂಡಲೇ ಮನೆಯವರನ್ನು ಒಳಗೆ ಕರೆಯುತ್ತಾರೆ. ‘ಎದೆ ಕೊಯ್ಯೋದು ಬೇಡ ಡಾಕ್ಟ್ರೇ, ಸ್ಟೆಂಟ್ ಹಾಕಿಬಿಡಿ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಸ್ಟೆಂಟ್ ಎಂದರೆ ಕಿರಿದಾದ ನಾಳದೊಳಗೆ ಕೂರಿಸುವ ಪುಟ್ಟ ಜಾಲರಿ ಕೊಳವೆ; ಬೈಪಾಸ್ ಎಂದರೆ ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ. ಹೆದರಿಕೆ ಸಹಜ. ಆದರೂ ಒಂದು ಗಳಿಗೆ ತಡೆಯಿರಿ.

ಮೊದಲು, ಇದು ತುರ್ತೇ ಎಂದು ಕೇಳಿ. ಹೃದಯಾಘಾತ ಆಗುತ್ತಿದ್ದರೆ ಹೋಲಿಸುತ್ತ ಕೂರುವಂತಿಲ್ಲ. ಕಟ್ಟಿಕೊಂಡ ರಕ್ತನಾಳವನ್ನು ತಕ್ಷಣ ತೆರೆಯಬೇಕು, ಸಾಮಾನ್ಯವಾಗಿ ಸ್ಟೆಂಟ್ ಹಾಕಿಯೇ. ಮುಂದಿನ ಮಾತೆಲ್ಲ ಸ್ಥಿತಿ ಸ್ಥಿರವಾಗಿರುವವರಿಗೆ.

ಆಮೇಲೆ ರಿಪೋರ್ಟ್ ನೋಡಿ. ‘ಎಲ್‌ಎಡಿ 90%’ (ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳ ನೂರಕ್ಕೆ 90ರಷ್ಟು ಕಟ್ಟಿದೆ) ಎಂದಿದ್ದರೆ ಕಣ್ಣು 90ರ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಮುಖ್ಯ, ಎಷ್ಟು ನಾಳಗಳಲ್ಲಿ, ಯಾವ ಜಾಗದಲ್ಲಿ ಬ್ಲಾಕ್ ಇದೆ ಎಂಬುದು. ‘ಸಿಂಟ್ಯಾಕ್ಸ್ ಸ್ಕೋರ್ ಎಷ್ಟು?’ ಎಂದು ಕೇಳಿ. ಬ್ಲಾಕ್ ಎಷ್ಟು ಜಟಿಲ ಎಂದು ಅಳೆಯುವ ಅಂಕ ಅದು. 22ರವರೆಗೆ ಸರಳ, 33 ಮುಟ್ಟಿದರೆ ಜಟಿಲ, ಅಲ್ಲಿ ಬೈಪಾಸ್‌ನ ಕಡೆಗೇ ತಕ್ಕಡಿ ವಾಲುತ್ತದೆ.

ರೋಗಿಗೆ ಸಕ್ಕರೆ ಕಾಯಿಲೆ ಇದೆಯೇ? ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. 2012ರಲ್ಲಿ ಪ್ರಕಟವಾದ ‘ಫ್ರೀಡಂ’ ಅಧ್ಯಯನದಲ್ಲಿ ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,900 ಮಧುಮೇಹಿಗಳಿದ್ದರು. ಐದು ವರ್ಷಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡ ನೂರರಲ್ಲಿ ಸುಮಾರು 16 ಜನ, ಬೈಪಾಸ್ ಆದವರಲ್ಲಿ ಸುಮಾರು 11 ಜನ ತೀರಿಕೊಂಡರು. ಹೃದಯಾಘಾತ 14 ಮತ್ತು 6. ಪಾರ್ಶ್ವವಾಯು ಮಾತ್ರ ತಿರುಗುಮುರುಗು: ಸ್ಟೆಂಟ್‌ನವರಲ್ಲಿ 2.4, ಬೈಪಾಸ್‌ನವರಲ್ಲಿ 5.2. ಈ ಕೊನೆಯ ಅಂಕಿಯನ್ನೂ ಮರೆಯದೆ ಕೇಳಿ ತಿಳಿದುಕೊಳ್ಳಿ.

ಹೀಗೇಕೆ? ಸ್ಟೆಂಟ್ ಆ ಒಂದು ಜಾಗವನ್ನಷ್ಟೇ ಅಗಲಿಸುತ್ತದೆ. ಬೈಪಾಸ್‌ನಲ್ಲಿ ಬ್ಲಾಕ್ ದಾಟಿದ ಮೇಲೆ ಹೊಸ ನಾಳ ಜೋಡಿಸುತ್ತಾರೆ. ಆ ಜೋಡಣೆಗಿಂತ ಹಿಂದೆ ನಾಳೆ ಇನ್ನೊಂದು ಬ್ಲಾಕ್ ಬೆಳೆದರೂ ರಕ್ತ ಹರಿಯುತ್ತದೆ.

ಹಾಗೆಂದು ಎಲ್ಲರಿಗೂ ಬೈಪಾಸ್ ಅಲ್ಲ. ಒಂದೇ ನಾಳದ ಸರಳ ಬ್ಲಾಕ್‌ಗೆ, ತೀರಾ ವಯಸ್ಸಾಗಿ ಶ್ವಾಸಕೋಶವೋ ಕಿಡ್ನಿಯೋ ಸೋತವರಿಗೆ ಸ್ಟೆಂಟ್ ಸೂಕ್ತವಾಗಬಹುದು. ಒಂದೆರಡು ದಿನದಲ್ಲಿ ಮನೆಗೆ ಬರಬಹುದು, ಆದರೆ ರಕ್ತ ತೆಳುಮಾಡುವ ಎರಡು ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸುವಂತಿಲ್ಲ. ಬೈಪಾಸ್ ಆದವರ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು.

ಕೊನೆಗೆ, ಸ್ಟೆಂಟ್ ಹಾಕುವ ವೈದ್ಯರ ಜೊತೆಗೆ ಸರ್ಜನ್‌ರನ್ನೂ ಕಾಣಿರಿ. ‘ಎಲ್‌ಎಡಿಗೆ ಎದೆಯೊಳಗಿನ ಅಪಧಮನಿಯನ್ನೇ ಜೋಡಿಸುತ್ತೀರಾ?’ ಎಂದು ಕೇಳಿ. ಕಾಲಿನಿಂದ ತೆಗೆದ ರಕ್ತನಾಳಕ್ಕಿಂತ ಅದು ಹೆಚ್ಚು ವರ್ಷ ತೆರೆದೇ ಇರುತ್ತದೆ.