ಚಿತ್ತೆ-ಸ್ವಾತಿಯ ನೀರು, ಬೇಸಿಗೆಯ ಮಲ್ಲಿಗೆಗೆ

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಆರಿದ್ರಾ ಮಳೆ ಹಿಡಿಯಿತೆಂದರೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಅದೇ ಅಂಗಳದಲ್ಲಿ ಮಾರ್ಚ್ ಹೊತ್ತಿಗೆ ಮಲ್ಲಿಗೆ ಬಾಡುತ್ತದೆ. ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರುವುದಿಲ್ಲ. ಕುಡಿಯುವ ನೀರನ್ನು ಹೂವಿನ ಗಿಡಕ್ಕೆ ಹಾಕಲು ಮನಸ್ಸು ಬರುತ್ತದಾ? ಅದಕ್ಕೇ ಮಾಡಿನ (ಮನೆಯ ಸೂರಿನ) ನೀರು ಹಿಡಿಯಲು 5000 ಲೀಟರಿನ ಕಪ್ಪು ಟ್ಯಾಂಕ್ ತಂದೆವು.

ಮೊದಲ ವರ್ಷ ಜೂನ್‌ನಲ್ಲೇ ತುಂಬಿಸಿದೆ. ಎರಡೇ ದಿನ ಸಾಕಾಯಿತು. ಆದರೆ ಮಳೆಗಾಲ ಪೂರ್ತಿ ಗಿಡಕ್ಕೆ ನೀರೇ ಬೇಡ. ಹೆಂಚಿನ ಪಾಚಿ, ದರಗು (ಉದುರಿದ ಒಣ ಎಲೆ) ಎಲ್ಲ ಒಳಗೆ ಸೇರಿ ನೀರು ನಾತ ಹೊಡೆಯಿತು. ಆಗಸ್ಟ್‌ನಲ್ಲಿ ಟ್ಯಾಂಕ್ ಒಂದು ಕಡೆ ವಾಲಿ ಪೈಪು ಮುರಿಯಿತು. ಬರೀ ಮಣ್ಣಿನ ಮೇಲೆ ಇಟ್ಟಿದ್ದೆವು. 5000 ಲೀಟರ್ ಅಂದರೆ 5 ಟನ್ ಭಾರ. ನೆನೆದ ನೆಲ ಅದನ್ನು ಹೊರಲಿಲ್ಲ. ಆಮೇಲೆ ಜಂಬಿಟ್ಟಿಗೆಯ ಕಟ್ಟೆ ಕಟ್ಟಿಸಿ, ಮೇಲೆ ಕಾಂಕ್ರೀಟ್ ಹಾಕಿಸಿದೆವು.

ಅತ್ತೆ ಹೇಳಿದ ಒಂದು ಮಾತು ನನಗೆ ದಾರಿ ತೋರಿಸಿತು. "ಹಸ್ತ ಮಳೆ ಕಳೆದ ಮೇಲೆ ಹಿಡಿಯೇ. ಆ ನೀರೇ ಬೇಸಿಗೆಗೆ ಒದಗೋದು."

ಈಗ ಹಾಗೇ ಮಾಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿನ ಅಂಚಿಗೆ ಕಟ್ಟಿದ ದೋಣಿಯ ನೀರು ನೇರ ತೋಟದ ಬಸಿಗಾಲುವೆಗೆ ಹೋಗುತ್ತದೆ. ಮನೆ ಹಿಂದಿನ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಕಡೆಗೆ ಮಾತ್ರ ಒಂದು ಹನಿಯೂ ಬಿಡುವುದಿಲ್ಲ. ನೀರು ಕುಡಿದ ಧರೆ ಕುಸಿಯುವುದನ್ನು ನಮ್ಮ ಕಡೆ ಪ್ರತಿ ವರ್ಷ ನೋಡುತ್ತೇವೆ, ಅಲ್ವಾ? ಅಕ್ಟೋಬರ್ ಮೊದಲ ವಾರ ಟ್ಯಾಂಕ್ ತಿಕ್ಕಿ ತೊಳೆದು, ದೋಣಿಯ ದರಗು ತೆಗೆಯುತ್ತೇನೆ. ಚಿತ್ತೆ ಮಳೆ ಗುಡುಗುತ್ತಾ ಬಂದಾಗ ಮೊದಲ ಹತ್ತು ನಿಮಿಷದ ನೀರು ಹೊರಗೆ ಬಿಟ್ಟು, ಆಮೇಲೆ ಪೈಪನ್ನು ಟ್ಯಾಂಕಿಗೆ ತಿರುಗಿಸುತ್ತೇನೆ. ಟ್ಯಾಂಕಿನ ಬಾಯಿಗೆ ಸೊಳ್ಳೆ ಪರದೆ ಬಿಗಿದು ಕಟ್ಟಲೇಬೇಕು.

ನೀರಿನ ಲೆಕ್ಕ ಸುಲಭ. 1 ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ನಮ್ಮ ಮುಂಭಾಗದ ಮಾಡು 60 ಚದರ ಮೀಟರ್. ಚೆಲ್ಲಿದ್ದು, ಹೆಂಚು ಕುಡಿದದ್ದು ಕಳೆದರೂ ಸುಮಾರು 100 ಮಿಲಿಮೀಟರ್ ಮಳೆಗೆ ಟ್ಯಾಂಕ್ ತುಂಬುತ್ತದೆ. ಚಿತ್ತೆಯಲ್ಲಿ ತುಂಬದಿದ್ದರೆ ಸ್ವಾತಿಗೆ ಕಾಯುತ್ತೇನೆ.

ಜನವರಿಯಿಂದ ದಿನಕ್ಕೆ 10 ಲೀಟರಿನ ನಾಲ್ಕೇ ಬಕೆಟ್. ಆ ಲೆಕ್ಕದಲ್ಲಿ 125 ದಿನ ಬರುತ್ತದೆ. ನಾಲ್ಕೇ ಬಕೆಟ್ ಸಾಲುವುದು ಬುಡದ ಮುಚ್ಚಿಗೆಯಿಂದ. ಪ್ರತಿ ಗಿಡಕ್ಕೂ ಗೇಣು ದಪ್ಪಕ್ಕೆ ದರಗು, ಅಡಿಕೆ ಸಿಪ್ಪೆ ಹಾಕುತ್ತೇನೆ. ನೀರು ಹಾಕುವುದು ಸಂಜೆ ಮಾತ್ರ, ಅದೂ ಚೊಂಬಿನಲ್ಲಿ ಬುಡಕ್ಕೇ. ಪೈಪು ಹಿಡಿದರೆ ಜಾಸ್ತಿ ಹೋಗಿಬಿಡುತ್ತದೆ. ಮಲ್ಲಿಗೆ, ಆಂಥೂರಿಯಂ, ಬಸಳೆ ಚಪ್ಪರಕ್ಕೆ ಮೊದಲ ಪಾಲು. ಡೇರೆ ಹೂವಿನ (ಡೇಲಿಯಾ) ಗಿಡಕ್ಕೆ ಹಾಕುವುದಿಲ್ಲ, ಅದರ ಗೆಡ್ಡೆ ಆಗ ನೆಲದೊಳಗೆ ಮಲಗಿರುತ್ತದೆ.

ಈ ವರ್ಷ ಮೇ ತಿಂಗಳ ಮೊದಲ ಅಡ್ಡಮಳೆ ಬಂದ ಸಂಜೆ ಟ್ಯಾಂಕಿನ ತಳದಲ್ಲಿ ಇನ್ನೂ ನಾಲ್ಕು ಬೆರಳು ನೀರಿತ್ತು. ಮಲ್ಲಿಗೆ ಮೊಗ್ಗು ಬಿಟ್ಟಿತ್ತು.